ನಡುಗಡ್ಡೆಯ ಹಕ್ಕಿಗಳಿಗೆ ಕಾವಲು ಯಾರು?

ದ್ವೀಪ ಎಂದರೇನು ಎಂದು ಐದನೆಯ ತರಗತಿಯ ಮಗುವನ್ನು ಕೇಳಿ. ‘ಸುತ್ತಲೂ ನೀರಿನಿಂದ ಆವೃತವಾದ ಭೂಭಾಗ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉದಾಹರಣೆ ಕೊಡು ಎಂದರೆ ಶ್ರೀಲಂಕಾ, ಅಂಡಮಾನ್, ಲಕ್ಷದ್ವೀಪ ಎನ್ನುತ್ತದೆ. ಬೀದರ್ ಜಿಲ್ಲೆಯ ಮನ್ನಳ್ಳಿಯಂಥ ಊರಿನಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಹೀಗಾಗಿ ನಮ್ಮ ಭಾಗದ ಬಹುಪಾಲು ಮಕ್ಕಳಿಗೆ ದ್ವೀಪವೆಂದರೆ ಭೂಪಟದ ಮೇಲಿನ ಒಂದು ಚುಕ್ಕೆ ಮಾತ್ರ. ಆದರೆ ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ನಡುವೆ ತಲೆ ಎತ್ತುವ ಮಣ್ಣಿನ ದಿಬ್ಬವೂ ದ್ವೀಪವೇ. ಅಲ್ಲಿ ಗೂಡು ಮಾಡುವ ಹಕ್ಕಿಗೆ ಅದು ಅಂಡಮಾನಿನಷ್ಟೇ ಮುಖ್ಯ.

ಇಂಥ ಪುಟ್ಟ ನಡುಗಡ್ಡೆಗಳು ಹಕ್ಕಿಗಳಿಗೆ ಏಕೆ ಬೇಕು? ಅವು ಏಕೆ ಇಷ್ಟು ಸುಲಭವಾಗಿ ಹಾಳಾಗುತ್ತವೆ? ಅವುಗಳನ್ನು ಕಾಯುವವರು ಯಾರು? ಈ ಮೂರು ಪ್ರಶ್ನೆಗಳನ್ನು ನಾವು ಒಟ್ಟಾಗಿ ಪರಿಶೀಲಿಸೋಣ. ಲೇಖಕನದು ಭೌತಶಾಸ್ತ್ರ. ಆದ್ದರಿಂದ ನಡುನಡುವೆ ಸ್ವಲ್ಪ ಲೆಕ್ಕವೂ ಬರುತ್ತದೆ. ಓದುಗರು ಸಹಿಸಿಕೊಳ್ಳಬೇಕು.

ಸಂಬಳವಿಲ್ಲದ ಸಮೀಕ್ಷಕ

ಮೊದಲು ಮೂರನೆಯ ಪ್ರಶ್ನೆಗೆ ಸಂಬಂಧಿಸಿದ ಒಬ್ಬ ವ್ಯಕ್ತಿಯ ಪರಿಚಯ ಮಾಡಿಕೊಳ್ಳೋಣ. ಸಲೀಂ ಅಲಿಯವರ ಹೆಸರು ನಿಮಗೆ ಗೊತ್ತೇ ಇದೆ. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರ ಬಳಿ ವಿಶ್ವವಿದ್ಯಾನಿಲಯದ ಪದವಿ ಇರಲಿಲ್ಲ. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಕಾಲ ಮಾರ್ಗದರ್ಶಿಯಾಗಿದ್ದರು. ಬರ್ಲಿನ್ನಿಗೆ ಹೋಗಿ ಪಕ್ಷಿಶಾಸ್ತ್ರದ ತರಬೇತಿ ಪಡೆದು ಹಿಂದಿರುಗಿದಾಗ ಆ ಹುದ್ದೆಯೂ ಉಳಿದಿರಲಿಲ್ಲ. ಆಗ ಅವರೊಂದು ಉಪಾಯ ಹುಡುಕಿದರು. ಅನೇಕ ದೇಶೀ ಸಂಸ್ಥಾನಗಳಲ್ಲಿ ಹಕ್ಕಿಗಳ ವ್ಯವಸ್ಥಿತ ಸಮೀಕ್ಷೆ ನಡೆದಿರಲಿಲ್ಲ. ಪ್ರವಾಸ ಮತ್ತು ಬಿಡಾರದ ಖರ್ಚನ್ನು ಸಂಸ್ಥಾನ ಕೊಟ್ಟರೆ ಸಾಕು, ಸಂಬಳವಿಲ್ಲದೆ ತಾವೇ ಸಮೀಕ್ಷೆ ಮಾಡಿಕೊಡುವುದಾಗಿ ಮುಂದೆ ಬಂದರು.

ಹೀಗೆ ಮೊದಲು ಕೈಗೆತ್ತಿಕೊಂಡದ್ದು 1931-32ರ ಹೈದರಾಬಾದ್ ಸಂಸ್ಥಾನದ ಸಮೀಕ್ಷೆ. ನಮ್ಮ ಬೀದರ್ ಆಗ ಸೇರಿದ್ದು ಇದೇ ನಿಜಾಮರ ಸಂಸ್ಥಾನಕ್ಕೆ. ಮುಂದೆ ತಿರುವಾಂಕೂರು, ಕೊಚ್ಚಿನ್ ಮುಂತಾದವುಗಳ ಸರದಿ ಬಂತು. ಈ ಶಿಬಿರಗಳಲ್ಲಿ ಪತ್ನಿ ತೆಹಮಿನಾ ಅವರ ಜೊತೆಗಿರುತ್ತಿದ್ದರು. 1939ರ ಜುಲೈಯಲ್ಲಿ ತೆಹಮಿನಾ ತೀರಿಕೊಂಡರು. ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ, 1939-40ರಲ್ಲಿ, ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ ಕೆಲವು ಪುಟ್ಟ ನಡುಗಡ್ಡೆಗಳಿವೆ. ಇವು ಪೂರ್ತಿಯಾಗಿ ಪ್ರಕೃತಿಯ ಸೃಷ್ಟಿಯಲ್ಲ. 1645-48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನೀರು ಹರಡಿಕೊಂಡು ಎತ್ತರದ ಜಾಗಗಳು ನಡುಗಡ್ಡೆಗಳಾಗಿ ಉಳಿದವು. ತಿಟ್ಟು ಎಂದರೆ ದಿಬ್ಬ. ರಂಗನತಿಟ್ಟು ಎಂಬ ಹೆಸರಿನಲ್ಲೇ ಅದರ ಭೂಗೋಳ ಅಡಗಿದೆ. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುವುದು ಸುತ್ತಲಿನ ಜನರಿಗೆ ಹೊಸದೇನಾಗಿರಲಿಲ್ಲ. ಅದರ ಮಹತ್ವವನ್ನು ಗುರುತಿಸಿ, ಇದಕ್ಕೆ ರಕ್ಷಣೆ ಬೇಕೆಂದು ಮೈಸೂರು ಒಡೆಯರ ಮನವೊಲಿಸಿದವರು ಸಲೀಂ ಅಲಿ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೆನಿಸಿತು. ನೋಡಿದ್ದನ್ನು ಬರೆದಿಟ್ಟುಕೊಂಡು, ಬರೆದದ್ದನ್ನು ಅಧಿಕಾರವಿದ್ದವರ ಮುಂದಿಟ್ಟ ಒಬ್ಬ ಸ್ವಯಂಸೇವಕನ ಕೆಲಸ ಎಂಟು ದಶಕಗಳಾದ ಮೇಲೂ ಫಲ ಕೊಡುತ್ತಿದೆ.

ನೀರೇ ಕಂದಕ

ಈಗ ಮೊದಲ ಪ್ರಶ್ನೆಗೆ ಬರೋಣ. ಹಕ್ಕಿಗೆ ರೆಕ್ಕೆ ಇದೆ. ಎಲ್ಲಿ ಬೇಕಾದರೂ ಗೂಡು ಕಟ್ಟಬಹುದು. ಆದರೆ ಮೊಟ್ಟೆಗೂ ಮರಿಗೂ ಹಾರಲು ಬಾರದು. ಮೂರ್ನಾಲ್ಕು ವಾರ ಕಾವು, ಆಮೇಲೆ ಮರಿಗಳ ಪಾಲನೆ. ಇಷ್ಟು ದಿನ ಬೆಕ್ಕು, ನಾಯಿ, ನರಿ, ಮನುಷ್ಯ ಇವರೆಲ್ಲರಿಂದ ಗೂಡು ಪಾರಾಗಬೇಕು. ಬೀದರ್ ಕೋಟೆಯನ್ನು ನೋಡಿದವರಿಗೆ ಕಂದಕದ ಉಪಯೋಗ ವಿವರಿಸಬೇಕಾಗಿಲ್ಲ. ನಡುಗಡ್ಡೆಯ ಸುತ್ತಲಿನ ನೀರೂ ಅಂಥ ಕಂದಕವೇ. ರಂಗನತಿಟ್ಟಿನ ಕಂದಕದಲ್ಲಿ ಮೊಸಳೆಗಳೂ ಇವೆ. ಗೂಡಿನಿಂದ ಜಾರಿಬಿದ್ದ ಮರಿಯನ್ನು ಮೊಸಳೆ ತಿನ್ನಬಹುದು. ಆದರೆ ಈಜಿ ಬಂದು ಮರ ಹತ್ತುವ ಪ್ರಾಣಿಗೆ ಅದು ದೊಡ್ಡ ಹೆದರಿಕೆ. ಅಮೆರಿಕದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೀರುಹಕ್ಕಿಗಳು ಅಲಿಗೇಟರ್‌ಗಳಿರುವ ಜಾಗವನ್ನೇ ಆಯ್ದು ಗೂಡು ಕಟ್ಟುತ್ತವೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಕೆಲವು ಮರಿಗಳನ್ನು ಕಳೆದುಕೊಂಡರೂ ಒಟ್ಟಾರೆ ಹಕ್ಕಿಗಳಿಗೆ ಲಾಭವೇ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ರಂಗನತಿಟ್ಟಿನ ಕೊಕ್ಕರೆಗಳಿಗೆ ತಿಟ್ಟು ಮಲಗುವ ಮನೆ, ಬಾಣಂತಿಯ ಕೋಣೆ. ಅಡುಗೆಮನೆ ಬೇರೆಡೆ ಇದೆ. ಬಣ್ಣದ ಕೊಕ್ಕರೆ ಮೀನಿಗಾಗಿಯೂ, ಬಾಯ್ಕಳಕ ಕೊಕ್ಕರೆ ಬಸವನಹುಳುವಿಗಾಗಿಯೂ ಸುತ್ತಲಿನ ಕೆರೆ, ನಾಲೆ, ಭತ್ತದ ಗದ್ದೆಗಳಿಗೆ ಹಾರಿಹೋಗುತ್ತವೆ. ತಿಟ್ಟಿಗೆ ಬೇಲಿ ಹಾಕಿ ಕೆರೆಗಳನ್ನು ಬತ್ತಿಸಿದರೆ ಪಕ್ಷಿಧಾಮ ನಕ್ಷೆಯಲ್ಲಿ ಮಾತ್ರ ಉಳಿಯುತ್ತದೆ.

ಕಂದಕ ಕೈಕೊಟ್ಟಾಗ

ನೀರಿನ ಈ ಕಾವಲು ಮೂರು ಬಗೆಯಲ್ಲಿ ಮುರಿಯಬಹುದು.

ಮೊದಲನೆಯದು, ನೀರು ಇಳಿಯುವುದು. ಜಲಾಶಯದ ಮಟ್ಟ ತಗ್ಗಿದಂತೆ ನಡುಗಡ್ಡೆ ದಡಕ್ಕೆ ಕೂಡಿಕೊಳ್ಳುತ್ತದೆ. ದ್ವೀಪ ಪರ್ಯಾಯ ದ್ವೀಪವಾಗುತ್ತದೆ. ನಿನ್ನೆಯವರೆಗೆ ದೂರದಿಂದ ನೋಡುತ್ತಿದ್ದ ನಾಯಿ ಇಂದು ನಡೆದೇ ಬರುತ್ತದೆ. ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ತಲೆ ಎತ್ತುವ ನಡುಗಡ್ಡೆಗಳ ಮೇಲೆ ನದಿ ರೀವ ಹಕ್ಕಿಗಳು ನೆಲದಲ್ಲೇ ಮೊಟ್ಟೆ ಇಡುತ್ತವೆ. ಅವುಗಳ ಪಾಲಿಗೆ ನೀರಿನ ಮಟ್ಟದ ಕೆಲವೇ ಅಡಿಗಳ ವ್ಯತ್ಯಾಸ ಜೀವನ್ಮರಣದ ಪ್ರಶ್ನೆ.

ಎರಡನೆಯದು, ನೀರು ಏರುವುದು. ಕೃಷ್ಣರಾಜಸಾಗರ ರಂಗನತಿಟ್ಟಿಗೆ ತುಸು ಮೇಲ್ಭಾಗದಲ್ಲಿದೆ. ಮುಂಗಾರು ಜೋರಾಗಿ ಅಣೆಕಟ್ಟು ತುಂಬಿದ ವರ್ಷ ಹೆಚ್ಚುವರಿ ನೀರನ್ನು ಬಿಡಲೇಬೇಕು. ಒಂದು ಲಕ್ಷ ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. 2018 ಮತ್ತು 2019ರಲ್ಲಿ ಇಂಥ ಪ್ರವಾಹಗಳು ಬಂದು ನಡುಗಡ್ಡೆಗಳು ಜಲಾವೃತವಾದವು.

ಪ್ರವಾಹ ಮಾಡುವ ಹಾನಿ ವೇಗಕ್ಕೆ ನೇರ ಅನುಪಾತದಲ್ಲಿ ಇರುವುದಿಲ್ಲ. ಹೇಗೆಂದು ನೋಡೋಣ. ಹರಿಯುವ ನೀರು ಒಂದು ಕಲ್ಲಿನ ಮೇಲೆ ಹಾಕುವ ಬಲವು ವೇಗದ ವರ್ಗಕ್ಕೂ, ಕಲ್ಲಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೂ (ಅಂದರೆ ವ್ಯಾಸದ ವರ್ಗಕ್ಕೂ) ಅನುಪಾತದಲ್ಲಿರುತ್ತದೆ. ಕಲ್ಲನ್ನು ಹಿಡಿದಿಡುವ ತೂಕ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ಇವೆರಡನ್ನೂ ಸಮೀಕರಿಸಿದರೆ, ನೀರು ಉರುಳಿಸಬಲ್ಲ ಕಲ್ಲಿನ ವ್ಯಾಸವು ವೇಗದ ವರ್ಗಕ್ಕೆ ಅನುಪಾತದಲ್ಲಿದೆ ಎಂದು ಸಿಗುತ್ತದೆ. ದ್ರವ್ಯರಾಶಿ ವ್ಯಾಸದ ಘನವಾದ್ದರಿಂದ ಅದು ವೇಗದ ಆರನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡರಷ್ಟಾದರೆ ನೀರು 64 ಪಟ್ಟು ಭಾರದ ಕಲ್ಲನ್ನು ಉರುಳಿಸಬಲ್ಲದು. ಮೂರರಷ್ಟಾದರೆ 729 ಪಟ್ಟು! ಇದು ಸ್ಥೂಲ ಲೆಕ್ಕ. ಆದರೂ ವರ್ಷವಿಡೀ ನೆಮ್ಮದಿಯಾಗಿದ್ದ ತಿಟ್ಟಿನ ಅಂಚು ಎರಡು ದಿನಗಳಲ್ಲಿ ಏಕೆ ಕೊಚ್ಚಿಹೋಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮಣ್ಣನ್ನು ಹಿಡಿದಿಡುವುದು ಮರಗಳ ಬೇರು. ಮಣ್ಣು ಹೋದರೆ ಮರ ಬೀಳುತ್ತದೆ, ಮರದೊಂದಿಗೆ ಗೂಡುಗಳೂ ಹೋಗುತ್ತವೆ. 2014-15ರಲ್ಲಿ ರಂಗನತಿಟ್ಟಿನ ನಡುಗಡ್ಡೆಗಳ ಅಂಚಿಗೆ ಮರಳಿನ ಚೀಲಗಳನ್ನು ಜೋಡಿಸಿ ಭದ್ರಪಡಿಸಿದ್ದು ಈ ಕಾರಣಕ್ಕೇ.

ಮೂರನೆಯದು, ಹೊರಗಿನಿಂದ ಬರುವ ಪ್ರಾಣಿ. ದೂರದ ಸಾಗರ ದ್ವೀಪಗಳಲ್ಲಿ ನೆಲದ ಮೇಲಿನ ಬೇಟೆಗಾರ ಪ್ರಾಣಿಗಳಿಲ್ಲದೆ ಸಾವಿರಾರು ವರ್ಷ ಬಾಳಿದ ಹಕ್ಕಿಗಳು ಭಯವನ್ನೇ ಮರೆತಿರುತ್ತವೆ. ಕೆಲವು ಹಾರುವುದನ್ನೂ ಮರೆತಿರುತ್ತವೆ. 1598ರಲ್ಲಿ ಡಚ್ಚರು ಮಾರಿಷಸ್ಸಿಗೆ ಕಾಲಿಟ್ಟರು. ಹಡಗುಗಳಲ್ಲಿ ಬಂದ ಇಲಿ, ಹಂದಿ, ಕೋತಿಗಳು ಮೊಟ್ಟೆಗಳನ್ನು ತಿಂದವು. ಒಂದು ಶತಮಾನ ಕಳೆಯುವಷ್ಟರಲ್ಲಿ ಡೋಡೊ ಇಲ್ಲವಾಯಿತು. ಎರಡನೆಯ ಮಹಾಯುದ್ಧದ ನಂತರ ಗುವಾಮ್ ದ್ವೀಪಕ್ಕೆ ಸರಕಿನೊಂದಿಗೆ ಬಂದ ಕಂದು ಮರಹಾವು ಅಲ್ಲಿನ 12 ಬಗೆಯ ಕಾಡುಹಕ್ಕಿಗಳಲ್ಲಿ 10ನ್ನು ಆ ದ್ವೀಪದಿಂದ ಅಳಿಸಿಹಾಕಿತು. ನಮ್ಮ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಬಿಳಿಹೊಟ್ಟೆಯ ಕಡಲಹದ್ದಿನ ನೆಲೆ. ಅಲ್ಲಿ ಹರಕೆಗೆಂದು ಬಿಟ್ಟ ಆಡುಗಳಿವೆ. ಆಡು ಮೊಟ್ಟೆ ತಿನ್ನದಿದ್ದರೂ ಚಿಗುರನ್ನು ಬಿಡುವುದಿಲ್ಲ. ಸಸಿ ಬೆಳೆಯದ ದ್ವೀಪದಲ್ಲಿ ನಾಳೆಯ ಗೂಡಿಗೆ ಮರವೆಲ್ಲಿಯದು?

ಚಿಕ್ಕದಾದಷ್ಟೂ ಬಡವಾಗುತ್ತದೆ

ದ್ವೀಪಗಳ ಜೀವಿಸಂಖ್ಯೆಗೆ ಒಂದು ಗಣಿತವಿದೆ. 1967ರಲ್ಲಿ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಇದನ್ನು ಸಿದ್ಧಾಂತವಾಗಿ ರೂಪಿಸಿದರು. ದ್ವೀಪಕ್ಕೆ ಹೊಸ ಪ್ರಭೇದಗಳು ಬರುತ್ತಿರುತ್ತವೆ, ಇದ್ದವು ಅಳಿಯುತ್ತಿರುತ್ತವೆ. ಇವೆರಡೂ ಸಮವಾದಾಗ ಪ್ರಭೇದಗಳ ಸಂಖ್ಯೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಕೆಳಗೆ ತೂತಿರುವ ತೊಟ್ಟಿಗೆ ನಲ್ಲಿ ಬಿಟ್ಟಂತೆ. ದ್ವೀಪ ದೂರವಿದ್ದರೆ ನಲ್ಲಿ ಸಣ್ಣದು, ದ್ವೀಪ ಚಿಕ್ಕದಿದ್ದರೆ ತೂತು ದೊಡ್ಡದು. ವಿಲ್ಸನ್ ಮತ್ತು ಡೇನಿಯಲ್ ಸಿಂಬರ್ಲಾಫ್ ಫ್ಲಾರಿಡಾದ ಪುಟ್ಟ ಕಾಂಡ್ಲಾ ದ್ವೀಪಗಳಲ್ಲಿ ಹೊಗೆ ಹಾಕಿ ಕೀಟಗಳನ್ನೆಲ್ಲ ತೆಗೆದು ಇದನ್ನು ಪರೀಕ್ಷಿಸಿದರು. ಸುಮಾರು ಒಂದು ವರ್ಷದಲ್ಲಿ ಬಹುತೇಕ ದ್ವೀಪಗಳಲ್ಲಿ ಪ್ರಭೇದಗಳ ಸಂಖ್ಯೆ ಹಿಂದಿನ ಮಟ್ಟಕ್ಕೇ ಬಂದು ನಿಂತಿತು. ಆದರೆ ಬಂದವು ಎಲ್ಲವೂ ಹಿಂದಿದ್ದವೇ ಆಗಿರಲಿಲ್ಲ.

ಸಾಮಾನ್ಯವಾಗಿ ದ್ವೀಪದಲ್ಲಿ ನೆಲೆಸಿದ ಪ್ರಭೇದಗಳ ಸಂಖ್ಯೆ ವಿಸ್ತೀರ್ಣದ ಸುಮಾರು 0.3ನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 10ರ 0.3ನೆಯ ಘಾತ ಸುಮಾರು 2. ಅಂದರೆ ವಿಸ್ತೀರ್ಣ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ಪ್ರಭೇದಗಳು ಕ್ರಮೇಣ ಅರ್ಧದಷ್ಟಾಗುತ್ತವೆ. ಸುತ್ತಲೂ ನೀರೇ ಇರಬೇಕೆಂದಿಲ್ಲ. ಬೀದರ್ ಜಿಲ್ಲೆಯ ಕುರುಚಲು ಹುಲ್ಲುಗಾವಲಿನ ತುಂಡುಗಳು ತೊಗರಿ, ಕಬ್ಬಿನ ಹೊಲಗಳ ನಡುವಿನ ದ್ವೀಪಗಳೇ. ಅಲ್ಲಿನ ಕೃಷ್ಣಮೃಗಗಳಿಗೆ ರಸ್ತೆ, ಬಡಾವಣೆ, ನಾಯಿಗಳ ಹಿಂಡು ಇವೇ ಸಾಗರ. ಕೆರೆಯ ದಿಬ್ಬಕ್ಕೆ ಅನ್ವಯಿಸುವ ಎಚ್ಚರಿಕೆ ಈ ಹುಲ್ಲುಗಾವಲಿಗೂ ಅನ್ವಯಿಸುತ್ತದೆ.

ನಾನು ಮಾಡಿದ ಒಂದು ತಪ್ಪು

ಇಷ್ಟೆಲ್ಲ ಹೇಳಿದವನು ತನ್ನ ತಪ್ಪನ್ನೂ ಹೇಳಬೇಕು. 1990ರ ದಶಕದ ಕೊನೆ. ನಾನು ಆಗಷ್ಟೇ ಉಪನ್ಯಾಸಕನಾಗಿದ್ದೆ. ಒಂದು ಏಪ್ರಿಲ್ ತಿಂಗಳು ಮನ್ನಳ್ಳಿಯ ಕಡೆಯ ಕೆರೆಯೊಂದಕ್ಕೆ ಹದಿನೈದಿಪ್ಪತ್ತು ವಿದ್ಯಾರ್ಥಿಗಳನ್ನು ಕರೆದೊಯ್ದೆ. ಕೆರೆಯ ನಡುವೆ ಒಂದು ದಿಬ್ಬ, ಸುತ್ತ ಮೊಣಕಾಲುದ್ದ ನೀರು. ದಾಟಿ ಹೋದೆವು. ಬರಿಯ ನೆಲದ ಮೇಲೆ ಹರಳುಗಳ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳಿದ್ದವು. ತಾಯಿತಂದೆ ಎರಡೂ ನಮ್ಮ ತಲೆಯ ಮೇಲೆ ಸುತ್ತುತ್ತ ಅರಚುತ್ತಿದ್ದವು. ನಾವು ವರ್ನಿಯರ್ ಕ್ಯಾಲಿಪರ್ಸ್ ತೆಗೆದು ಉದ್ದ ಅಗಲ ಅಳೆದೆವು, ಚಿತ್ರ ಬರೆದುಕೊಂಡೆವು. ಮಧ್ಯಾಹ್ನದ ಬಿಸಿಲಿನಲ್ಲಿ ಸುಮಾರು ನಲವತ್ತು ನಿಮಿಷ ಕಳೆದಿತ್ತು. ಪಾಠ ಬಹಳ ಚೆನ್ನಾಯಿತೆಂದು ನನಗೆ ಹೆಮ್ಮೆ.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಮೊಟ್ಟೆಗಳು ಹಾಗೆಯೇ ಇದ್ದವು. ಹಕ್ಕಿಗಳಿರಲಿಲ್ಲ. ಕುರಿ ಕಾಯುವ ಮನೆಯಿಂದ ಬಂದ ಹುಡುಗನೊಬ್ಬ ಒಂದು ಮೊಟ್ಟೆಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, “ಸರ, ತತ್ತಿ ಕೆಟ್ಟಾವ್ರಿ. ಅವತ್ತು ನಾವು ಭಾಳ ಹೊತ್ತು ನಿಂತ್ವಿ, ಬಿಸಲು ಬಡ್ದದ” ಎಂದ. ನನಗೆ ಮಾತು ಹೊರಡಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಮೊಟ್ಟೆ ಸುಮಾರು 4.2 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ತೂಕ ಹೆಚ್ಚುಕಡಿಮೆ 20 ಗ್ರಾಂ. ಬಿಸಿಲಿಗೆ ಒಡ್ಡಿದ ವಿಸ್ತೀರ್ಣ ಸುಮಾರು 10 ಚದರ ಸೆಂ.ಮೀ. ನಡುಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಹಾಗಾದರೆ ಮೊಟ್ಟೆಯ ಮೇಲೆ ಬೀಳುವುದು 1 ವ್ಯಾಟ್. ಅರ್ಧ ಪ್ರತಿಫಲಿಸಿ ಹೋಯಿತೆಂದುಕೊಂಡರೂ ಒಳಸೇರುವುದು ಅರ್ಧ ವ್ಯಾಟ್, ಅಂದರೆ ಸೆಕೆಂಡಿಗೆ ಅರ್ಧ ಜೂಲ್. ಮೊಟ್ಟೆಯಲ್ಲಿ ನೀರಿನಂಶವೇ ಹೆಚ್ಚು. ಅದರ ವಿಶಿಷ್ಟೋಷ್ಣ ಗ್ರಾಮಿಗೆ 3.3 ಜೂಲ್ ಎಂದಿಟ್ಟುಕೊಂಡರೆ, 20 ಗ್ರಾಂ ಮೊಟ್ಟೆಯ ತಾಪ ಒಂದು ಡಿಗ್ರಿ ಏರಲು 66 ಜೂಲ್ ಸಾಕು. ಅರ್ಧ ವ್ಯಾಟಿನಲ್ಲಿ ಅದಕ್ಕೆ 132 ಸೆಕೆಂಡು, ಅಂದರೆ ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಕಾವಿನ ತಾಪ 36ರಿಂದ 38 ಡಿಗ್ರಿ ಸೆಲ್ಸಿಯಸ್. 41-42 ದಾಟಿದರೆ ಒಳಗಿನ ಭ್ರೂಣಕ್ಕೆ ಅಪಾಯ. ಸುತ್ತಲಿನ ಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿದ್ದಾಗ, ನೆಲ ಅದಕ್ಕಿಂತಲೂ ಬಿಸಿಯಾಗಿದ್ದಾಗ, ಶಾಖ ಹೊರಹೋಗಲು ದಾರಿ ಕಡಿಮೆ. ಹತ್ತು ನಿಮಿಷ ಸಾಕು. ನಾವು ನಿಂತದ್ದು ನಲವತ್ತು ನಿಮಿಷ.

ಬಿಸಿಲೇ ಕಾರಣವೆಂದು ನಾನು ಸಾಧಿಸಿ ತೋರಿಸಲಾರೆ. ಆದರೆ ಆ ಲೆಕ್ಕದ ಮುಂದೆ ಬೇರೆ ನೆಪ ಹೇಳುವ ಧೈರ್ಯವೂ ನನಗಿಲ್ಲ.

ಹಕ್ಕಿಗೆ ಈ ಭೌತಶಾಸ್ತ್ರ ಮೊದಲೇ ‘ಗೊತ್ತು’. ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಗೆ ಕಾವು ಕೊಡುವುದಕ್ಕಿಂತ ನೆರಳು ಕೊಡುವುದೇ ಹೆಚ್ಚು. ಎದ್ದು ಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ಒದ್ದೆ ಮಾಡುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಬೇಕು. ನಮ್ಮ ಅರ್ಧ ವ್ಯಾಟಿನ ಲೆಕ್ಕದಲ್ಲಿ ಇದು ಒಂದು ಮೊಟ್ಟೆಯ ಮೇಲಿನ 80 ನಿಮಿಷಗಳ ಬಿಸಿಲಿಗೆ ಸಮ. ಗುಪ್ತೋಷ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈಗ ಅದನ್ನು ತರಗತಿಯಲ್ಲೇ ಹೇಳುತ್ತೇನೆ. ದಿಬ್ಬದ ಮೇಲೆ ನಿಂತು ಹೇಳುವುದಿಲ್ಲ.

ನಿಮ್ಮ ಶಾಲೆ ಏನು ಮಾಡಬಹುದು?

ಸಲೀಂ ಅಲಿಯವರ ಬಳಿ ದುರ್ಬೀನು ಇತ್ತು, ಅದಕ್ಕಿಂತ ಮುಖ್ಯವಾಗಿ ಟಿಪ್ಪಣಿ ಪುಸ್ತಕವಿತ್ತು. ಎರಡನೆಯದು ಪ್ರತಿ ಶಾಲೆಗೂ ಎಟುಕುತ್ತದೆ. ನಿಮ್ಮ ಊರಿನ ಕೆರೆಯಲ್ಲಿ ದಿಬ್ಬವೋ ಜಾಲಿಮರಗಳ ಗುಂಪೋ ಇದ್ದರೆ ಹೀಗೆ ಮಾಡಿ:

1. ದಡದ ಮೇಲೆ ಒಂದು ಜಾಗ ಗೊತ್ತುಮಾಡಿ. ಹದಿನೈದು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಅದೇ ಜಾಗದಿಂದ ನೋಡಿ. ಜಾಗ ಬದಲಾದರೆ ಎಣಿಕೆಗಳನ್ನು ಹೋಲಿಸಲಾಗದು.

2. ಹಕ್ಕಿಯ ಹೆಸರು, ಸಂಖ್ಯೆ, ಕಾಣುವ ಗೂಡುಗಳು ಇವಿಷ್ಟನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ಬಣ್ಣ, ಕೊಕ್ಕು, ಕಾಲುಗಳ ವಿವರ ಬರೆಯಿರಿ. ಊಹಿಸಿ ಬರೆಯಬೇಡಿ.

3. ತೂಬಿನ ಕಲ್ಲಿನ ಮೇಲೋ ಕಟ್ಟೆಯ ಮೇಲೋ ಗುರುತು ಹಾಕಿ ನೀರಿನ ಮಟ್ಟವನ್ನೂ ದಾಖಲಿಸಿ. ದಿಬ್ಬ ಯಾವ ದಿನ ದಡಕ್ಕೆ ಕೂಡಿಕೊಂಡಿತು ಎಂಬ ತಾರೀಖು ಬಹಳ ಮುಖ್ಯ.

4. ಏನೂ ಕಾಣದ ದಿನ ‘ಸೊನ್ನೆ’ ಎಂದು ಬರೆಯಿರಿ. ಖಾಲಿ ಬಿಟ್ಟರೆ ಹಕ್ಕಿ ಇರಲಿಲ್ಲವೋ ನೀವು ಹೋಗಲಿಲ್ಲವೋ ತಿಳಿಯುವುದಿಲ್ಲ.

5. ದಿಬ್ಬಕ್ಕೆ ಹೋಗಬೇಡಿ. ಹಕ್ಕಿ ಅರಚುತ್ತ ತಲೆಯ ಮೇಲೆ ಸುತ್ತಿದರೆ ನೀವು ಆಗಲೇ ತೀರ ಹತ್ತಿರ ಹೋಗಿದ್ದೀರಿ ಎಂದರ್ಥ. ತಕ್ಷಣ ಹಿಂದಿರುಗಿ.

6. ಎರಡು ವರ್ಷಗಳ ದಾಖಲೆಯಾದ ಮೇಲೆ ಗ್ರಾಮ ಪಂಚಾಯಿತಿಗೆ ತೋರಿಸಿ. ಕೆರೆಯ ಹೂಳೆತ್ತುವುದು ನೀರಿಲ್ಲದ ಬೇಸಿಗೆಯಲ್ಲೇ, ದಿಬ್ಬದ ಮೇಲೆ ಹಕ್ಕಿ ಮೊಟ್ಟೆ ಇಡುವುದೂ ಆಗಲೇ. ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡುವಿನ ದಿಬ್ಬವೊಂದನ್ನು ಬಿಡಿ, ಇಂಥ ವಾರಗಳಲ್ಲಿ ಅದರ ಹತ್ತಿರ ಯಂತ್ರ ತರಬೇಡಿ ಎಂದು ತಾರೀಖು ಸಮೇತ ಕೇಳುವವರ ಮಾತಿಗೆ ತೂಕ ಹೆಚ್ಚು.

ರಂಗನತಿಟ್ಟಿಗೆ ಇಂದು ಕಾವಲುಗಾರರಿದ್ದಾರೆ, ದೋಣಿಗಳಿವೆ, ಕಾನೂನಿದೆ. ಹೆಸರಿಲ್ಲದ ನಮ್ಮ ಕೆರೆಗಳ ದಿಬ್ಬಗಳಿಗೆ ಇವೊಂದೂ ಇಲ್ಲ. ನೀರು ಕಾಯುವಷ್ಟು ದಿನ ಕಾಯುತ್ತದೆ. ನೀರು ಇಳಿದ ಮೇಲೆ ಕಾಯಬೇಕಾದವರು ದಡದ ಮೇಲೆ ಪುಸ್ತಕ ಹಿಡಿದು ಕುಳಿತವರೇ. ಮನ್ನಳ್ಳಿಯ ಕಡೆಯ ಆ ದಿಬ್ಬ ಈಗಲೂ ಇದೆ. ಪ್ರತಿ ಬೇಸಿಗೆ ದಡದಲ್ಲಿ ಕುಳಿತು ನೋಡುತ್ತೇನೆ. ಟಿಟ್ಟಿಭಗಳು ಬರುತ್ತವೆ. ದಡದಿಂದ ಮೊಟ್ಟೆ ಕಾಣುವುದಿಲ್ಲ, ಕುಳಿತ ಹಕ್ಕಿ ಕಾಣುತ್ತದೆ. ಅಷ್ಟು ಸಾಕು.